ಕೊಳಗ ಯಾರ ಕೈಯಲ್ಲಿದೆ?

ಗಿರಣಿಯ ಕೂಲಿ, ಬೋನಸ್ಸು, ತೆರಿಗೆಯ ಕಾಟ, ಬಡ್ಡಿಯ ಹೊರೆ ಇವುಗಳ ವಿಷಯ ಬರೆಯಬೇಕಾದ ಈ ಪುಟದಲ್ಲಿ ಈ ವಾರ ಕಂಪ್ಯೂಟರಿನ ಮಾತೇಕೆ ಎಂದು ಕೆಲವು ಗೆಳೆಯರು ಹುಬ್ಬು ಗಂಟಿಕ್ಕಬಹುದು. ಅವರಿಗೆ ಮೊದಲೇ ಹೇಳಿಬಿಡುತ್ತೇವೆ: ಇದು ಒಡೆತನದ ಪ್ರಶ್ನೆ. ಒಬ್ಬ ಮನುಷ್ಯ ಬೆವರಿನ ಹಣ ಕೊಟ್ಟು ಒಂದು ಯಂತ್ರವನ್ನು ಕೊಳ್ಳುತ್ತಾನೆ. ಅದು ಹೀಗೆ ಕೆಲಸ ಮಾಡಲಿ ಎಂದು ತಿಳಿಯಾಗಿ ಹೇಳಿಡುತ್ತಾನೆ. ಮಾರಿದ ಕಂಪೆನಿ ಸಾವಿರಾರು ಮೈಲಿ ದೂರದಿಂದ ಕೈ ಚಾಚಿ, ಅವನನ್ನು ಕೇಳದೆಯೇ ಅದನ್ನು ತನ್ನ ಲಾಭದ ಕಡೆಗೆ ತಿರುಗಿಸಿಡುತ್ತದೆ. ಹಣ ಕೊಟ್ಟವನು ಒಡೆಯನೋ, ಹಣ ಪಡೆದವನೇ ಇನ್ನೂ ಒಡೆಯನೋ? ಸಮಾಜವಾದಿಗಳಾದ ನಾವು ಈ ಪ್ರಶ್ನೆಯನ್ನು ಭೂಮಿಯ ವಿಷಯದಲ್ಲಿ ಕೇಳಿದ್ದೇವೆ, ಕಾರ್ಖಾನೆಯ ವಿಷಯದಲ್ಲಿ ಕೇಳಿದ್ದೇವೆ. ಈಗ ಯಂತ್ರದೊಳಗಿನ ಯಂತ್ರದ ವಿಷಯದಲ್ಲೂ ಕೇಳಬೇಕಾಗಿದೆ.

ಮೊದಲು ಸಂಗತಿಯನ್ನು ಬಿಡಿಸಿ ಹೇಳಬೇಕು. ಕಂಪ್ಯೂಟರಿನ ಗುಂಡಿ ಒತ್ತಿದೊಡನೆ ಎದ್ದು ನಿಂತು, ಉಳಿದೆಲ್ಲ ತಂತ್ರಾಂಶಗಳಿಗೂ ಜಾಗ ಕೊಟ್ಟು ಕೆಲಸ ಮಾಡಿಸತಕ್ಕದ್ದಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ನಮ್ಮ ಅಂಗಡಿಗಳಲ್ಲಿ, ಲೆಕ್ಕಪತ್ರದವರ ಕೋಣೆಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್. ಫೋನುಗಳಲ್ಲಿ ಹೆಚ್ಚಾಗಿ ಕಾಣುವುದು ಗೂಗಲ್ ಕಂಪೆನಿಯ ಆಂಡ್ರಾಯ್ಡ್. ಇನ್ನು ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸತಕ್ಕ ತಂತ್ರಾಂಶವೇ ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ, ಒಪೆರಾ ಎಂದು ಅನೇಕ ಇವೆ. ಒಂದೇ ಯಂತ್ರದಲ್ಲಿ ಎರಡು ಮೂರು ಇರಬಹುದು. ಕೊಂಡಿಯೊಂದನ್ನು ಒತ್ತಿದಾಗ ಅವುಗಳಲ್ಲಿ ಯಾವುದು ತಾನಾಗಿ ತೆರೆದುಕೊಳ್ಳಬೇಕೆಂದು ಬಳಸುವವನು ಒಮ್ಮೆ ಗೊತ್ತುಮಾಡಿ ಇಡಬಹುದು. ಹೀಗೆ ಗೊತ್ತುಮಾಡಿದ್ದನ್ನು ಡೀಫಾಲ್ಟ್ ಬ್ರೌಸರ್ ಎನ್ನುತ್ತಾರೆ. ಇಷ್ಟು ತಿಳಿದರೆ ಸಾಕು.

ಇದನ್ನೇ ಸಂತೆಯ ಮಾತಿನಲ್ಲಿ ಹೇಳೋಣ. ಆಪರೇಟಿಂಗ್ ಸಿಸ್ಟಮ್ ಎಂಬುದು ಸಂತೆಮಾಳ. ಬ್ರೌಸರುಗಳು ಅಲ್ಲಿ ಕೂತ ಅಂಗಡಿಗಳು. ಮಾಳದ ಗುತ್ತಿಗೆ ಹಿಡಿದವನೇ ತನ್ನದೂ ಒಂದು ಅಂಗಡಿ ಇಟ್ಟುಕೊಂಡಿದ್ದಾನೆ ಎನ್ನಿ. ನೀವು ವರ್ಷಗಳಿಂದ ಆಚೆ ತುದಿಯ ಅಂಗಡಿಯ ಗಿರಾಕಿ. ಒಂದು ಸೋಮವಾರ ಹೋಗಿ ನೋಡಿದರೆ ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿದೆ. ನಡೆದರೆ ಗುತ್ತಿಗೆದಾರನ ಅಂಗಡಿಯ ಮುಂದೆಯೇ ಬಂದು ನಿಲ್ಲುತ್ತೀರಿ. ಕೇಳಿದರೆ, ‘ನಿಮ್ಮ ಸುರಕ್ಷತೆಗಾಗಿ ದಾರಿ ಬದಲಿಸಿದ್ದೇವೆ, ಬೇಡವಾದರೆ ಹಗ್ಗ ಬಿಚ್ಚಿಕೊಂಡು ಹೋಗಬಹುದು’ ಎನ್ನುತ್ತಾನೆ. ಹಗ್ಗ ಬಿಚ್ಚಿದರೆ ಮುಂದಿನ ಸಂತೆಗೆ ಮತ್ತೆ ಕಟ್ಟಿರುತ್ತದೆ.

ಇದರಿಂದ ಕೂಲಿಗಾರನಿಗೇನು, ಚಿಲ್ಲರೆ ವ್ಯಾಪಾರಿಗೇನು? ಒಂದು ತಿಂಗಳ ವ್ಯವಹಾರವನ್ನು ನೆನಪಿಗೆ ತಂದುಕೊಳ್ಳಿರಿ. ಜಿಎಸ್‌ಟಿ ಲೆಕ್ಕ ಸಲ್ಲಿಸುವುದು ಬ್ರೌಸರಿನಲ್ಲಿ. ಭವಿಷ್ಯನಿಧಿಗೆ ಗಿರಣಿಯವರು ತಮ್ಮ ಪಾಲು ಕಟ್ಟಿದರೋ ಇಲ್ಲವೋ ಎಂದು ನೋಡುವುದು ಬ್ರೌಸರಿನಲ್ಲಿ. ಹಳ್ಳಿಯ ಹೊಲದ ಪಹಣಿ, ಮಗಳ ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಲೆಕ್ಕ, ಸರಕಾರಿ ಕೆಲಸದ ಅರ್ಜಿ ಎಲ್ಲಕ್ಕೂ ಅದೇ ಬಾಗಿಲು. ಆ ಬಾಗಿಲಲ್ಲಿ ಕೂತವನಿಗೆ ನಾವು ಏನನ್ನು ಹುಡುಕುತ್ತೇವೆ, ಯಾವ ಅಂಗಡಿಗೆ ಹೋಗುತ್ತೇವೆ ಎಂಬುದು ತಿಳಿಯುವ ಅವಕಾಶವಿದೆ. ಹುಡುಕುವ ಯಂತ್ರ ಯಾವುದಿರಬೇಕೆಂದು ಮೊದಲು ಗೊತ್ತುಮಾಡುವವನೂ ಅವನೇ. ಹುಡುಕಿದ ಕಡೆ ಜಾಹೀರಾತು, ಜಾಹೀರಾತಿದ್ದ ಕಡೆ ಹಣ. ಅಮೆರಿಕದ ನ್ಯಾಯಾಲಯವೊಂದರಲ್ಲಿ ಹೊರಬಿದ್ದ ಲೆಕ್ಕವನ್ನು ಕೇಳಿರಿ: ಆಪಲ್ ಕಂಪೆನಿಯ ಸಫಾರಿ ಬ್ರೌಸರಿನಲ್ಲಿ ತನ್ನ ಹುಡುಕುಯಂತ್ರವೇ ಡೀಫಾಲ್ಟ್ ಆಗಿರಲೆಂದು ಗೂಗಲ್ ೨೦೨೨ನೆಯ ಇಸವಿ ಒಂದರಲ್ಲೇ ತೆತ್ತದ್ದು ಸುಮಾರು ೨,೦೦೦ ಕೋಟಿ ಡಾಲರು. ‘ಡೀಫಾಲ್ಟ್ ಯಾವುದಿದ್ದರೇನು, ಜನ ಬೇಕಾದರೆ ಬದಲಿಸಿಕೊಳ್ಳುತ್ತಾರೆ’ ಎಂಬುದು ನಿಜವಾಗಿದ್ದರೆ ಯಾವ ವ್ಯಾಪಾರಿಯೂ ಅದಕ್ಕಾಗಿ ಇಷ್ಟು ಹಣ ಚೆಲ್ಲುತ್ತಿರಲಿಲ್ಲ. ಮೊದಲು ಇಟ್ಟದ್ದನ್ನು ಬಹುಮಂದಿ ಬದಲಿಸುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಈ ರೋಗ ಇಂದಿನದಲ್ಲ. ೧೯೯೪ರ ಕೊನೆಯಲ್ಲಿ ನೆಟ್‌ಸ್ಕೇಪ್ ಎಂಬ ಹೊಸ ಕಂಪೆನಿ ನ್ಯಾವಿಗೇಟರ್ ಎಂಬ ಬ್ರೌಸರನ್ನು ಹೊರತಂದಿತು. ಬಹುಬೇಗ ಅದು ಜನಪ್ರಿಯವಾಯಿತು. ವಿಂಡೋಸಿನ ಒಡೆಯರಿಗೆ ಭಯ ಹುಟ್ಟಿತು. ಜನರೆಲ್ಲ ಬ್ರೌಸರಿನ ಮೂಲಕವೇ ಕೆಲಸ ಮಾಡತೊಡಗಿದರೆ ಕೆಳಗಿರುವುದು ವಿಂಡೋಸೋ ಮತ್ತೊಂದೋ ಎಂಬುದನ್ನು ಯಾರು ಕೇಳುತ್ತಾರೆ? ೧೯೯೫ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಆದ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಹೊರಡಿಸಿತು. ಒಳ್ಳೆಯದು, ಪೈಪೋಟಿ ನಡೆಯಲಿ. ಆದರೆ ಪೈಪೋಟಿ ನಡೆದ ಬಗೆ ನೋಡಿರಿ. ೧೯೯೬ರಲ್ಲಿ ಕಾಂಪ್ಯಾಕ್ ಎಂಬ ದೊಡ್ಡ ಕಂಪ್ಯೂಟರ್ ತಯಾರಕರು ತಮ್ಮ ಕೆಲವು ಯಂತ್ರಗಳ ಪರದೆಯಿಂದ ಎಕ್ಸ್‌ಪ್ಲೋರರಿನ ಗುರುತನ್ನು ತೆಗೆದು ನ್ಯಾವಿಗೇಟರನ್ನು ಇಟ್ಟರು. ವಿಂಡೋಸ್ ೯೫ರ ಪರವಾನಿಗೆಯನ್ನೇ ರದ್ದುಮಾಡುತ್ತೇವೆ ಎಂದು ಮೈಕ್ರೋಸಾಫ್ಟ್ ನೋಟೀಸು ಕೊಟ್ಟಿತು. ಕಾಂಪ್ಯಾಕಿನವರು ತೆಗೆದದ್ದನ್ನು ಮತ್ತೆ ತಂದಿಟ್ಟರು. ಅಷ್ಟು ದೊಡ್ಡ ತಯಾರಕನೇ ಬೆನ್ನು ಬಾಗಿಸಬೇಕಾಯಿತೆಂದಮೇಲೆ ಒಂದೇ ಕಂಪ್ಯೂಟರನ್ನು ಕೊಂಡು ಮೂಲೆಯಲ್ಲಿಟ್ಟ ನಮ್ಮ ಕಿರಾಣಿಯವನ ಪಾಡೇನು?

೧೯೯೮ರ ಮೇ ತಿಂಗಳಲ್ಲಿ ಅಮೆರಿಕದ ಒಕ್ಕೂಟ ಸರಕಾರವೂ ಹಲವು ರಾಜ್ಯಗಳೂ ಕೂಡಿ ಕಂಪೆನಿಯ ಮೇಲೆ ದಾವೆ ಹೂಡಿದವು. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ೧೯೯೯ರ ನವೆಂಬರಿನಲ್ಲಿ ಸಂಗತಿಗಳ ನಿರ್ಣಯ ಕೊಟ್ಟರು. ೨೦೦೦ದ ಜೂನಿನಲ್ಲಿ ಕಂಪೆನಿಯನ್ನು ಎರಡಾಗಿ ಒಡೆಯಬೇಕೆಂದು ಆಜ್ಞೆ ಮಾಡಿದರು. ೨೦೦೧ರ ಜೂನ್ ೨೮ರಂದು ಮೇಲ್ಮನವಿ ನ್ಯಾಯಾಲಯವು, ಕಂಪೆನಿ ತನ್ನ ಏಕಸ್ವಾಮ್ಯವನ್ನು ಕಾನೂನಿಗೆ ವಿರುದ್ಧವಾಗಿ ಕಾಪಾಡಿಕೊಂಡಿತೆಂಬ ತೀರ್ಮಾನವನ್ನು ಎತ್ತಿಹಿಡಿಯಿತು. ಒಡೆಯುವ ಆಜ್ಞೆಯನ್ನು ಮಾತ್ರ ರದ್ದುಮಾಡಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆ ತೀರ್ಪಿನಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಮಾತಿದೆ. ಬಳಸುವವನು ಬೇರೆ ಬ್ರೌಸರನ್ನು ಡೀಫಾಲ್ಟ್ ಎಂದು ಗೊತ್ತುಮಾಡಿದ್ದರೂ ಕೆಲವು ಸಂದರ್ಭಗಳಲ್ಲಿ ಎಕ್ಸ್‌ಪ್ಲೋರರೇ ತೆರೆಯುವಂತೆ ವಿಂಡೋಸ್ ೯೮ನ್ನು ರಚಿಸಲಾಗಿತ್ತು. ಇದು ಎದುರಾಳಿಗಳ ಬಳಕೆಯನ್ನು ಕುಗ್ಗಿಸಿ ಪೈಪೋಟಿಗೆ ಧಕ್ಕೆ ತರುವುದೆಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಸಹಾಯದ ಪುಟಗಳು, ವಿಂಡೋಸಿನ ಅಪ್‌ಡೇಟ್ ಇವು ಕೆಲಸ ಮಾಡಬೇಕಾದರೆ ನ್ಯಾವಿಗೇಟರಿನಲ್ಲಿಲ್ಲದ ಕೆಲವು ಸೌಕರ್ಯಗಳು ಬೇಕು ಎಂದು ಕಂಪೆನಿ ತಾಂತ್ರಿಕ ಕಾರಣ ಮುಂದಿಟ್ಟಿತು. ಆ ಕಾರಣವನ್ನು ಸರಕಾರದ ಕಡೆಯವರು ಸಮರ್ಪಕವಾಗಿ ಖಂಡಿಸಲಿಲ್ಲ. ಎಕ್ಸ್‌ಪ್ಲೋರರನ್ನು ತೆಗೆದುಹಾಕಲು ಬಾರದಂತೆ ಮಾಡಿದ್ದಕ್ಕೆ ಕಂಪೆನಿ ತಪ್ಪಿತಸ್ಥನಾಯಿತು. ಬಳಸುವವನ ಆಯ್ಕೆಯನ್ನು ಮೀರಿದ ಒಂದು ಅಂಶದಲ್ಲಿ ಪಾರಾಯಿತು.

ಓದುಗರು ಈ ಪಾಠವನ್ನು ಗಮನವಿಟ್ಟು ಕಲಿಯಬೇಕು. ತಾಂತ್ರಿಕ ಕಾರಣ ಎಂಬುದು ಬಂಡವಾಳಗಾರನ ಕೈಯ ಗುರಾಣಿ. ಯಂತ್ರದ ಒಳಗೆ ಏನಿದೆಯೆಂದು ತಿಳಿದವನು ಅವನೊಬ್ಬನೇ. ಅದನ್ನು ಸುಳ್ಳೆಂದು ಸಾಧಿಸಬೇಕಾದ ಭಾರ ಮಾತ್ರ ಹೊರಗೆ ನಿಂತವರ ಮೇಲೆ. ಗಿರಣಿಯಲ್ಲಿ ಬೋನಸ್ಸು ಕೇಳಿದಾಗ ಲೆಕ್ಕದ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ‘ನಷ್ಟವಾಗಿದೆ, ಇಲ್ಲವೆಂದು ನೀವೇ ಸಾಧಿಸಿ’ ಎನ್ನುವ ಮಾಲಿಕನನ್ನು ನಮ್ಮ ಕಾರ್ಮಿಕ ಬಂಧುಗಳು ಬಲ್ಲರು. ಅಷ್ಟರಲ್ಲಿ ನೆಟ್‌ಸ್ಕೇಪಿನ ಕಥೆಯೂ ಮುಗಿದಿತ್ತು. ೧೯೯೯ರಲ್ಲೇ ಅದು ಬೇರೊಂದು ಕಂಪೆನಿಗೆ ಮಾರಾಟವಾಗಿ ಹೋಗಿತ್ತು. ಕೋಟೆ ಸೂರೆ ಹೋದಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು ನ್ಯಾಯ.

ಯೂರೋಪಿನ ಒಕ್ಕೂಟ ಇನ್ನಷ್ಟು ಮುಂದೆ ಹೋಯಿತು. ವಿಂಡೋಸ್ ಬಳಸುವವರಿಗೆ ಹನ್ನೆರಡು ಬ್ರೌಸರುಗಳ ಪಟ್ಟಿಯನ್ನು ಮುಂದಿಟ್ಟು ಬೇಕಾದುದನ್ನು ಆರಿಸಿಕೊಳ್ಳಿ ಎಂದು ಕೇಳುವುದಾಗಿ ೨೦೦೯ರ ಡಿಸೆಂಬರಿನಲ್ಲಿ ಕಂಪೆನಿಯಿಂದ ವಚನ ಪಡೆಯಿತು. ೨೦೧೦ರಲ್ಲಿ ಪಟ್ಟಿ ಬಂತು. ೨೦೧೧ರ ಮೇ ತಿಂಗಳಿಂದ ೨೦೧೨ರ ಜುಲೈವರೆಗೆ ಸುಮಾರು ಒಂದೂವರೆ ಕೋಟಿ ಜನರಿಗೆ ಅದು ಕಾಣಲೇ ಇಲ್ಲ. ತಾಂತ್ರಿಕ ತಪ್ಪಿನಿಂದಾಯಿತು ಎಂದಿತು ಕಂಪೆನಿ. ೨೦೧೩ರ ಮಾರ್ಚಿನಲ್ಲಿ ೫೬.೧ ಕೋಟಿ ಯೂರೋ ದಂಡ ಬಿತ್ತು. ವಚನ ಕೊಡುವುದು ಸುಲಭ, ಕಾಯುವವನಿಲ್ಲದಿದ್ದರೆ ಮರೆಯುವುದೂ ಸುಲಭ.

ಇನ್ನು ನಮ್ಮ ಕಾಲಕ್ಕೆ ಬರೋಣ. ೨೦೧೫ರ ಜುಲೈ ೨೯ರಂದು ವಿಂಡೋಸ್ ೧೦ ಹೊರಬಂತು. ಹಳೆಯದರಿಂದ ಹೊಸದಕ್ಕೆ ಏರುವಾಗ ಮುಂದಿಟ್ಟ ಸುಲಭದ ಗುಂಡಿಯನ್ನು ಒತ್ತಿದವರ ಡೀಫಾಲ್ಟ್ ಬ್ರೌಸರ್ ಎಡ್ಜ್‌ಗೆ ತಿರುಗಿತು. ಮರುದಿನವೇ ಫೈರ್‌ಫಾಕ್ಸನ್ನು ರೂಪಿಸುವ ಮೊಜಿಲ್ಲಾದ ಮುಖ್ಯಸ್ಥ ಕ್ರಿಸ್ ಬಿಯರ್ಡ್, ಮೈಕ್ರೋಸಾಫ್ಟಿನ ಮುಖ್ಯಸ್ಥ ಸತ್ಯ ನಾದೆಲ್ಲ ಅವರಿಗೆ ಬಹಿರಂಗ ಪತ್ರ ಬರೆದು, ಜನ ಮಾಡಿಕೊಂಡ ಆಯ್ಕೆಯನ್ನು ಅಳಿಸಬೇಡಿ ಎಂದು ಕೇಳಿದರು. ನಾದೆಲ್ಲ ಅವರು ಹೈದರಾಬಾದಿನಲ್ಲಿ ಹುಟ್ಟಿ ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು. ನಮ್ಮಲ್ಲಿ ಕಲಿತವನು ಲೋಕದ ದೊಡ್ಡ ಕಂಪೆನಿಯ ಗದ್ದುಗೆ ಏರಿದನೆಂದು ಹಿಗ್ಗುವವರು ಹಿಗ್ಗಲಿ. ಗದ್ದುಗೆಯ ಮೇಲೆ ಕೂತವರ ಊರು ಬದಲಾದರೆ ಗದ್ದುಗೆಯ ಗುಣ ಬದಲಾಗದು ಎಂಬುದನ್ನು ಸ್ವರಾಜ್ಯ ಬಂದಂದಿನಿಂದ ನಾವು ಹೇಳುತ್ತಲೇ ಬಂದಿದ್ದೇವೆ.

೨೦೨೧ರ ಅಕ್ಟೋಬರಿನಲ್ಲಿ ವಿಂಡೋಸ್ ೧೧ ಬಂತು. ಮೊದಲು ಒಂದೇ ಗುಂಡಿಯಿಂದ ಆಗುತ್ತಿದ್ದ ಕೆಲಸವನ್ನು ಚೂರುಚೂರು ಮಾಡಿದರು. ಎಚ್‌ಟಿಎಂಎಲ್‌ಗೆ ಒಂದು ಸಲ, ಪಿಡಿಎಫ್‌ಗೆ ಒಂದು ಸಲ, ಎಚ್‌ಟಿಟಿಪಿಗೆ ಒಂದು, ಎಚ್‌ಟಿಟಿಪಿಎಸ್‌ಗೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಬದಲಿಸಬೇಕು. ಈ ಅಕ್ಷರಗಳ ಅರ್ಥ ಬಲ್ಲ ಅಂಗಡಿಕಾರ ನಮ್ಮ ಪೇಟೆಯಲ್ಲಿ ಎಷ್ಟು ಮಂದಿ? ಎಲ್ಲ ಕಡೆ ಕೂಗೆದ್ದಮೇಲೆ ೨೦೨೨ರಲ್ಲಿ ಒಂದೇ ಗುಂಡಿಯನ್ನು ಮತ್ತೆ ಕೊಟ್ಟರು. ಆಗಲೂ ವಿಂಡೋಸಿನ ಹುಡುಕುಪೆಟ್ಟಿಗೆಯಿಂದಲೂ ಸುದ್ದಿಯ ಫಲಕದಿಂದಲೂ ಒತ್ತಿದ ಕೊಂಡಿಗಳು ಬಳಸುವವನ ಬ್ರೌಸರನ್ನು ದಾಟಿ ಎಡ್ಜಿನಲ್ಲೇ ತೆರೆಯುತ್ತಿದ್ದವು. ಅವುಗಳ ತಲೆಯ ಮೇಲೆ ಎಡ್ಜಿಗೇ ಮೀಸಲಾದ ಮುದ್ರೆಯೊಂದನ್ನು ಒತ್ತಿಟ್ಟಿದ್ದರು. ಆ ಮುದ್ರೆಯನ್ನು ಕಳಚಿ ಕೊಂಡಿಯನ್ನು ಬಳಸುವವನ ಬ್ರೌಸರಿಗೆ ಕಳುಹಿಸುವ ಪುಟ್ಟ ತಂತ್ರಾಂಶವೊಂದನ್ನು ಹೊರಗಿನವರು ಮಾಡಿಕೊಟ್ಟಿದ್ದರು. ೨೦೨೧ರ ಕೊನೆಯಲ್ಲಿ ಕಂಪೆನಿ ಅದಕ್ಕೂ ಬಾಗಿಲು ಮುಚ್ಚಿತು. ೨೦೨೩ರಲ್ಲಿ ಔಟ್‌ಲುಕ್ ಅಂಚೆಯಲ್ಲಿ ಬಂದ ಕೊಂಡಿಗಳೂ ಎಡ್ಜಿನಲ್ಲೇ ತೆರೆಯುವಂತೆ ಏರ್ಪಾಡಾಯಿತು. ಇವೆಲ್ಲವನ್ನೂ ಕೈತಪ್ಪು ಎನ್ನಲಾದೀತೆ? ಒಂದು ಸಲ ತೂಕ ತಪ್ಪಿದರೆ ಕೈತಪ್ಪು. ಪ್ರತಿ ಸಲವೂ ತಕ್ಕಡಿ ಅಂಗಡಿಯವನ ಕಡೆಗೇ ವಾಲಿದರೆ ಅದಕ್ಕೆ ಬೇರೆ ಹೆಸರಿದೆ.

ಈಗ ಮುಖ್ಯವಾದ ಸಂಗತಿ. ಯೂರೋಪಿನ ಒಕ್ಕೂಟ ಡಿಜಿಟಲ್ ಮಾರುಕಟ್ಟೆಗಳ ಶಾಸನವನ್ನು ಮಾಡಿತು. ೨೦೨೪ರ ಮಾರ್ಚಿನಿಂದ ದೊಡ್ಡ ಕಂಪೆನಿಗಳು ಅದರಂತೆ ನಡೆಯಲೇಬೇಕಾಯಿತು. ಕೂಡಲೇ ಏನಾಯಿತು? ಅಲ್ಲಿಯವರೆಗೆ ತೆಗೆಯಲು ಬಾರದಂತಿದ್ದ ಎಡ್ಜನ್ನು ಯೂರೋಪಿನವರು ತೆಗೆದುಹಾಕಬಹುದಾಯಿತು. ಸಾಮಾನ್ಯ ಕೊಂಡಿಗಳ ವಿಷಯದಲ್ಲಿ ಬಳಸುವವನು ಗೊತ್ತುಮಾಡಿದ ಬ್ರೌಸರನ್ನೇ ವಿಂಡೋಸ್ ಯಾವಾಗಲೂ ಬಳಸುವುದೆಂದು ಕಂಪೆನಿ ಯೂರೋಪಿನವರಿಗೆ ಮಾತುಕೊಟ್ಟಿತು. ೨೦೨೫ರ ಜೂನಿನಲ್ಲಿ ಇನ್ನೂ ಕೆಲವು ಸೌಲಭ್ಯಗಳನ್ನು ಪ್ರಕಟಿಸಿ, ಎಡ್ಜನ್ನು ತಾವಾಗಿ ತೆರೆಯದವರಿಗೆ ಅದನ್ನೇ ಡೀಫಾಲ್ಟ್ ಮಾಡಿಕೊಳ್ಳಿರೆಂಬ ಪೀಡೆಯನ್ನೂ ನಿಲ್ಲಿಸುವುದಾಗಿ ಹೇಳಿತು. ಇವೆಲ್ಲ ಯೂರೋಪಿಗೆ ಮಾತ್ರ. ಯಂತ್ರವನ್ನು ಮೊದಲ ಸಲ ಹೂಡುವಾಗ ನೀವು ಯಾವ ದೇಶದವರೆಂದು ವಿಂಡೋಸ್ ಕೇಳುತ್ತದೆ. ಜರ್ಮನಿ ಎಂದವನಿಗೆ ಒಂದು ಹಕ್ಕು, ಭಾರತ ಎಂದವನಿಗೆ ಇನ್ನೊಂದು!

ಇಲ್ಲಿಗೆ ತಾಂತ್ರಿಕ ಕಾರಣವೆಂಬ ಗುರಾಣಿ ಮುರಿದುಬಿತ್ತು. ಅದೇ ಕಂಪೆನಿ, ಅದೇ ತಂತ್ರಾಂಶ, ಅದೇ ಯಂತ್ರ. ಪ್ಯಾರಿಸಿನಲ್ಲಿ ಸಾಧ್ಯವಾದದ್ದು ದಾವಣಗೆರೆಯಲ್ಲಿ ಏಕೆ ಅಸಾಧ್ಯ? ಅಲ್ಲಿಯ ಬಳಕೆದಾರನ ಸುರಕ್ಷತೆ ಕೆಡದಿದ್ದರೆ ಇಲ್ಲಿಯವನದು ಹೇಗೆ ಕೆಡುತ್ತದೆ? ಇರುವ ವ್ಯತ್ಯಾಸ ಒಂದೇ: ಅಲ್ಲಿ ಶಾಸನವಿದೆ, ಇಲ್ಲಿ ಇಲ್ಲ. ಬಂಡವಾಳವು ನ್ಯಾಯವನ್ನು ತಾನಾಗಿ ಕೊಡುವುದಿಲ್ಲ. ಎಲ್ಲಿ ಕಾನೂನಿನ ಕೈ ಕುತ್ತಿಗೆಗೆ ಬಂತೋ ಅಲ್ಲಿ ಅಷ್ಟನ್ನೇ ಅಳೆದು ಕೊಡುತ್ತದೆ.

ನಮ್ಮ ಕಾರ್ಮಿಕ ಬಂಧುಗಳಲ್ಲಿ ಬಹುಮಂದಿಯ ಮನೆಯಲ್ಲಿ ಕಂಪ್ಯೂಟರಿಲ್ಲ, ಕಿಸೆಯಲ್ಲಿ ಫೋನಿದೆ. ಅಲ್ಲಿಯೂ ಕಥೆ ಅದೇ. ಆಪಲ್ ತನ್ನ ಫೋನಿನಲ್ಲಿ ಬೇರೆ ಬ್ರೌಸರನ್ನು ಡೀಫಾಲ್ಟ್ ಮಾಡಿಕೊಳ್ಳಲು ೨೦೨೦ರ ಸೆಪ್ಟೆಂಬರಿನವರೆಗೆ ಬಿಡಲೇ ಇಲ್ಲ. ಬಿಟ್ಟಾಗ, ಫೋನನ್ನು ಆರಿಸಿ ಹಚ್ಚಿದರೆ ಆಯ್ಕೆ ಮತ್ತೆ ಸಫಾರಿಗೆ ಮರಳುತ್ತಿತ್ತು. ಆ ದೋಷವನ್ನು ಕೆಲವೇ ದಿನಗಳಲ್ಲಿ ಸರಿಪಡಿಸಿದರು. ಆಂಡ್ರಾಯ್ಡಿನಲ್ಲಿ ಗೂಗಲ್ ತನ್ನ ಅಂಗಡಿಯ ಜೊತೆಗೆ ಕ್ರೋಮ್, ಹುಡುಕುಯಂತ್ರ ಮೊದಲಾದುವನ್ನೆಲ್ಲ ಒಂದೇ ಗಂಟು ಕಟ್ಟಿ, ಬೇಕಾದರೆ ಎಲ್ಲವನ್ನೂ ಹೊತ್ತುಕೊಳ್ಳಿ ಎಂದು ಫೋನ್ ತಯಾರಕರಿಗೆ ಹೇಳುತ್ತಿತ್ತು. ಸಕ್ಕರೆ ಬೇಕಾದರೆ ಹುಳು ಹಿಡಿದ ಬೇಳೆಯನ್ನೂ ಕೊಳ್ಳಬೇಕೆನ್ನುವ ನ್ಯಾಯಬೆಲೆ ಅಂಗಡಿಯ ನೆನಪಾಗುವುದಿಲ್ಲವೆ? ಇದರ ಮೇಲೆ ಭಾರತದ ಸ್ಪರ್ಧಾ ಆಯೋಗ ೨೦೨೨ರ ಅಕ್ಟೋಬರಿನಲ್ಲಿ ಗೂಗಲಿಗೆ ೧,೩೩೭.೭೬ ಕೋಟಿ ರೂಪಾಯಿ ದಂಡ ಹಾಕಿತು. ೨೦೨೩ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಬಿಟ್ಟು ದಂಡವನ್ನು ಎತ್ತಿಹಿಡಿಯಿತು. ಮನಸ್ಸು ಮಾಡಿದರೆ ನಮ್ಮ ದೇಶಕ್ಕೂ ಹಲ್ಲಿದೆ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳಿಗೂ ಉತ್ತರ ಹೇಳಬೇಕು. ಮೊದಲನೆಯದು: ‘ಎಡ್ಜನ್ನು ತೆಗಳಿದರೆ ಕ್ರೋಮಿಗೆ ಲಾಭ, ಒಬ್ಬ ಕೋಟ್ಯಧೀಶನನ್ನು ಬಿಟ್ಟು ಇನ್ನೊಬ್ಬನ ಚಾಕರಿ ಮಾಡುತ್ತೀರಿ.’ ಈ ಮಾತಿನಲ್ಲಿ ಸತ್ಯವಿದೆ. ಇಂದು ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಬ್ರೌಸರ್ ಕ್ರೋಮ್. ಅದರ ಒಡೆಯರು ಸಾಧುಗಳೇನಲ್ಲ. ಫೈರ್‌ಫಾಕ್ಸಿನಂಥ ಲಾಭಕ್ಕಲ್ಲದ ಸಂಸ್ಥೆಯ ಬ್ರೌಸರೂ ಬಹುಪಾಲು ಗೂಗಲಿನಿಂದ ಬರುವ ಹಣದಲ್ಲೇ ನಿಂತಿದೆ. ಆದುದರಿಂದಲೇ ನಾವು ಯಾವ ಬ್ರೌಸರಿನ ಪರವಾಗಿಯೂ ಬರೆಯುತ್ತಿಲ್ಲ. ಎಡ್ಜ್ ಚೆನ್ನಾಗಿದೆಯೆಂದು ಯಾರಾದರೂ ಆರಿಸಿಕೊಂಡರೆ ಅವರ ಆಯ್ಕೆಯೂ ಅಷ್ಟೇ ಪವಿತ್ರ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ ಈ ಕಂಪೆನಿಗಳ ಕಾದಾಟದಲ್ಲಿ ಸೊರಗುತ್ತಿರುವ ಬಳಕೆದಾರನ ಪರವಾಗಿ ಮಾತ್ರ ನಮ್ಮ ವಾದ.

ಎರಡನೆಯದು ಸುರಕ್ಷತೆಯ ಮಾತು. ಕೆಟ್ಟ ತಂತ್ರಾಂಶಗಳು ಕದ್ದು ಒಳನುಗ್ಗಿ ಡೀಫಾಲ್ಟನ್ನು ಬದಲಿಸುತ್ತಿದ್ದವು, ಅದನ್ನು ತಡೆಯಲು ಬೀಗ ಹಾಕಿದ್ದೇವೆ ಎನ್ನುತ್ತಾರೆ. ಅಂಥ ಕಳ್ಳರಿದ್ದುದು ನಿಜ. ಬೀಗ ಬೇಕಾದದ್ದೂ ನಿಜ. ಆದರೆ ಹೊರಗಿನವರಿಗೆಲ್ಲ ಹಾಕಿದ ಬೀಗದ ಕೀಲಿಯನ್ನು ಎಡ್ಜಿಗೆ ಮಾತ್ರ ಕೊಟ್ಟಿದ್ದರಷ್ಟೆ? ಬೇರೆ ಬ್ರೌಸರಿನವನು ಸೆಟ್ಟಿಂಗ್ಸಿನ ಪುಟದಲ್ಲಿ ಅಲೆದು ಬರಬೇಕು, ಎಡ್ಜ್ ಮಾತ್ರ ಒಂದೇ ಒತ್ತಿಗೆ ಡೀಫಾಲ್ಟ್ ಆಗಬಹುದು. ೨೦೨೧ರಲ್ಲಿ ಫೈರ್‌ಫಾಕ್ಸಿನವರು ಆ ಕೀಲಿಯ ಜಾಡು ಹಿಡಿದು ತಾವೂ ಹಾಗೆಯೇ ಮಾಡಿ ತೋರಿಸಿದಾಗ ಗುಟ್ಟು ರಟ್ಟಾಯಿತು. ಕಳ್ಳ ಬಾರದಿರಲೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಮೂರನೆಯದು: ‘ಬ್ರೌಸರನ್ನು ಪುಕ್ಕಟೆ ಕೊಡುತ್ತಾರೆ, ಪುಕ್ಕಟೆ ಕೊಟ್ಟವರ ಮೇಲೆ ದೂರೇನು?’ ಪುಕ್ಕಟೆಯೆಂಬುದು ಶುದ್ಧ ಸುಳ್ಳು. ಕಂಪ್ಯೂಟರನ್ನು ಕೊಂಡಾಗ ವಿಂಡೋಸಿನ ಬೆಲೆ ಅದರೊಳಗೆ ಸೇರಿತ್ತು. ಆಮೇಲೆ ನಾವು ದಿನದಿನವೂ ತೆರುತ್ತಿರುವುದು ನಮ್ಮ ಕಣ್ಣನ್ನು, ನಮ್ಮ ಸಮಯವನ್ನು, ನಮ್ಮ ವ್ಯಾಪಾರದ ಸುಳಿವನ್ನು.

ನಾಲ್ಕನೆಯದು: ‘ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ಮಾತೆ?’ ಇದಕ್ಕೆ ನಮ್ಮ ಪಕ್ಷದ ಚರಿತ್ರೆಯೇ ಉತ್ತರ ಹೇಳುತ್ತದೆ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಒಂದು ಕೊಳಗಕ್ಕೆ. ಬತ್ತ ಅಳೆಯುವ ಕೊಳಗ ಒಡೆಯನದು, ಅದು ನ್ಯಾಯವಾದ ಅಳತೆಗಿಂತ ದೊಡ್ಡದು. ಒಂದು ಕೊಳಗದಲ್ಲಿ ಹೆಚ್ಚಿಗೆ ಹೋಗುತ್ತಿದ್ದುದು ಕೆಲವು ಹಿಡಿ ಬತ್ತ ಮಾತ್ರ. ಆಗಲೂ ತಿಳಿದವರು, ಒಂದು ಹಿಡಿ ಬತ್ತಕ್ಕೆ ಇಷ್ಟು ರಂಪವೆ ಎಂದು ಕೇಳಿದ್ದುಂಟು. ಗೇಣಿದಾರರಿಗೆ ಗೊತ್ತಿತ್ತು, ಹಿಡಿ ಬತ್ತಕ್ಕಿಂತ ದೊಡ್ಡ ಪ್ರಶ್ನೆ ಅದರಲ್ಲಿದೆಯೆಂದು. ಅಳತೆ ಯಾರ ಕೈಯಲ್ಲಿದೆಯೋ ಬೆಳೆ ಅವನದು. ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದರು. ಕೊಳಗದಿಂದ ಹೊರಟ ಮಾತು ಉಳುವವನೇ ಹೊಲದೊಡೆಯನೆಂಬಲ್ಲಿಗೆ ಬೆಳೆಯಿತು. ಇಪ್ಪತ್ತಮೂರು ವರ್ಷಗಳ ಮೇಲೆ, ೧೯೭೪ರಲ್ಲಿ, ಭೂಸುಧಾರಣೆಯ ಶಾಸನಕ್ಕೆ ಬಂದ ತಿದ್ದುಪಡಿಯಲ್ಲಿ ಅದು ಫಲ ಕಂಡಿತು.

ಇಂದಿನ ಕೊಳಗ ಪರದೆಯ ಹಿಂದಿದೆ. ಅದನ್ನು ಹಿಡಿದವನ ಮುಖ ಕಾಣುವುದಿಲ್ಲ, ಅವನ ಮನೆಯ ಮುಂದೆ ಹೋಗಿ ಕೂರಲು ಬರುವುದಿಲ್ಲ. ಅವನು ಆಡುವ ಭಾಷೆಯೂ ನಮ್ಮದಲ್ಲ. ‘ಶಿಫಾರಸು ಮಾಡಿದ ಸೆಟ್ಟಿಂಗ್ಸನ್ನು ಬಳಸಿ’ ಎಂಬ ಅರ್ಥ ಬರುವ ಇಂಗ್ಲಿಷ್ ಸಾಲೊಂದು ಪರದೆಯ ಮೇಲೆ ಬರುತ್ತದೆ. ಒಪ್ಪಿಗೆಯ ಗುಂಡಿ ದೊಡ್ಡದಾಗಿ, ನೀಲಿಯಾಗಿ ಹೊಳೆಯುತ್ತದೆ. ಬೇಡವೆನ್ನುವ ಅಕ್ಷರ ಮೂಲೆಯಲ್ಲಿ ಮಸುಕಾಗಿ ಕೂತಿರುತ್ತದೆ. ಓದಲು ಬಾರದವನಿಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಹುಕಾರನಿಗೂ ಇವನಿಗೂ ನಾವು ಭೇದ ಕಾಣೆವು. ಶಿಫಾರಸು ಯಾರದು, ಯಾರ ಹಿತಕ್ಕೆ ಎಂದು ಆ ಸಾಲು ಹೇಳುವುದೇ ಇಲ್ಲ.

ನಮ್ಮ ಸರಕಾರಗಳೂ ಈ ಪಾಪದಲ್ಲಿ ಪಾಲುದಾರರು. ಎಷ್ಟೋ ಸರಕಾರಿ ಜಾಲತಾಣಗಳ ಅಡಿಯಲ್ಲಿ, ಇದು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ವರ್ಷಾನುಗಟ್ಟಲೆ ಬರೆದುಕೊಂಡಿದ್ದರು. ಪ್ರಜೆಯ ತೆರಿಗೆಯಿಂದ ಕಟ್ಟಿದ ಕಚೇರಿಯ ಬಾಗಿಲಿಗೆ ಖಾಸಗಿ ಕಂಪೆನಿಯ ಬೀಗ! ೨೦೨೨ರ ಜೂನಿನಲ್ಲಿ ಕಂಪೆನಿ ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು. ಅದನ್ನೇ ನಂಬಿದವರು ಪರದಾಡಿದರು. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ವರ್ಷಗಳಿಂದ ಯಾರ ಒಡೆತನಕ್ಕೂ ಸಿಕ್ಕದ ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನಲ್ಲೇ ಮಕ್ಕಳು ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅವರಿಗೆ ಆದದ್ದು ನಮಗೇಕೆ ಆಗದು? ಪಾಠಶಾಲೆಯಲ್ಲಿ ಒಂದೇ ಕಂಪೆನಿಯ ಬಾಗಿಲನ್ನು ತೋರಿಸಿದರೆ ಮಗು ಲೋಕಕ್ಕೆ ಅದೊಂದೇ ಬಾಗಿಲೆಂದು ತಿಳಿದು ಬೆಳೆಯುತ್ತದೆ. ಕರಿಹಲಗೆಯ ಮುಂದೆ ಕೆಲವು ವರ್ಷ ನಿಂತವರಾಗಿ ನಾವಿದನ್ನು ಬಲ್ಲೆವು.

ಆದುದರಿಂದ ನಮ್ಮ ಬೇಡಿಕೆಗಳನ್ನು ತಿಳಿಯಾಗಿ ಮುಂದಿಡುತ್ತೇವೆ. ಒಂದು: ಬಳಸುವವನು ಒಮ್ಮೆ ಮಾಡಿದ ಆಯ್ಕೆಯನ್ನು ಯಾವ ಅಪ್‌ಡೇಟೂ, ಯಾವ ಕೊಂಡಿಯೂ ಅವನ ಸ್ಪಷ್ಟ ಒಪ್ಪಿಗೆಯಿಲ್ಲದೆ ಬದಲಿಸಕೂಡದು, ದಾಟಕೂಡದು. ಎರಡು: ಯೂರೋಪಿನ ಬಳಕೆದಾರನಿಗೆ ಕೊಟ್ಟ ಹಕ್ಕುಗಳೆಲ್ಲವನ್ನೂ ಅದೇ ಬೆಲೆ ತೆತ್ತ ಭಾರತದ ಬಳಕೆದಾರನಿಗೂ ಕೊಡಬೇಕು. ಮೂರು: ತಾಂತ್ರಿಕ ಕಾರಣವನ್ನು ಹೇಳುವ ಕಂಪೆನಿಯೇ ಅದನ್ನು ಸಾಧಿಸಿ ತೋರಿಸಬೇಕು, ಸುಳ್ಳೆಂದು ಸಾಧಿಸುವ ಹೊರೆ ಜನರ ಮೇಲೆ ಬೀಳಕೂಡದು. ನಾಲ್ಕು: ಆಯ್ಕೆಯ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಬೇಕು, ಹೌದು ಇಲ್ಲ ಎಂಬ ಎರಡು ಗುಂಡಿಗಳೂ ಒಂದೇ ಗಾತ್ರದಲ್ಲಿರಬೇಕು. ಐದು: ಸರಕಾರದ ಪ್ರತಿಯೊಂದು ಜಾಲತಾಣವೂ ಎಲ್ಲ ಮುಖ್ಯ ಬ್ರೌಸರುಗಳಲ್ಲಿ ಕೆಲಸ ಮಾಡಬೇಕು. ೨೦೨೪ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಡಿಜಿಟಲ್ ಸ್ಪರ್ಧೆಯ ಮಸೂದೆಯ ಕರಡೊಂದನ್ನು ಪ್ರಕಟಿಸಿತು. ಅಂಥ ಶಾಸನದಲ್ಲಿ ಈ ಅಂಶಗಳು ಅಚ್ಚಾಗಬೇಕು. ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಈ ವಿಷಯದಲ್ಲಿ ಏನು ಹೇಳುತ್ತಾರೆಂದು ವರ್ತಕರ ಸಂಘವೂ ಕಾರ್ಮಿಕ ಸಂಘವೂ ಕೂಡಿ ಕೇಳಬೇಕು. ಕೂಲಿಯ ವಿಷಯದಲ್ಲಿ ಇವರಿಬ್ಬರೂ ಎಂದೂ ಒಂದೇ ಪಂಕ್ತಿಯಲ್ಲಿ ಕೂತವರಲ್ಲ. ಈ ವಿಷಯದಲ್ಲಿ ಕೂರಬಹುದು.

ಶಾಸನ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ವಿಂಡೋಸ್ ೧೧ ಇರುವ ಯಂತ್ರದಲ್ಲಿ ಸೆಟ್ಟಿಂಗ್ಸ್ ತೆರೆದು, ಆಪ್ಸ್ ಎಂಬಲ್ಲಿಗೆ ಹೋಗಿ, ಡೀಫಾಲ್ಟ್ ಆಪ್ಸ್ ಎಂಬುದನ್ನು ಒತ್ತಿ, ನಿಮಗೆ ಬೇಕಾದ ಬ್ರೌಸರಿನ ಹೆಸರನ್ನು ಆರಿಸಿ, ಮೇಲ್ಗಡೆಯ ಸೆಟ್ ಡೀಫಾಲ್ಟ್ ಗುಂಡಿಯನ್ನು ಒತ್ತಿರಿ. ದೊಡ್ಡ ಅಪ್‌ಡೇಟ್ ಬಂದುಹೋದಮೇಲೆ ಮತ್ತೆ ಅಲ್ಲಿಗೆ ಹೋಗಿ ನೋಡಿರಿ. ಹೊಳೆಯುವ ಗುಂಡಿ ಕಂಡಕೂಡಲೇ ಒತ್ತಬೇಡಿರಿ. ಮಸುಕಾದ ಅಕ್ಷರವನ್ನು ಹುಡುಕಿ ಓದಿರ. ತಿಳಿಯದಿದ್ದರೆ ಮನೆಯ ಶಾಲೆಯ ಮಗುವನ್ನು ಕೇಳಿರಿ, ಅಥವಾ ಸಂಜೆ ನಮ್ಮ ಪಕ್ಷದ ಕಚೇರಿಗೆ ಬನ್ನಿರಿ, ಬಲ್ಲಷ್ಟು ಹೇಳಿಕೊಡುತ್ತೇವೆ.

ಕಾಗೋಡಿನ ಗೇಣಿದಾರ ಕೊಳಗವನ್ನು ಹಿಡಿದು ನೋಡಿದ. ಇದು ದೊಡ್ಡದು ಎಂದ. ಅಷ್ಟು ಹೇಳಲು ಅವನಿಗೆ ತಲೆಮಾರುಗಳು ಬೇಕಾದವು. ನಮಗೆ ಅಷ್ಟು ಕಾಲವಿಲ್ಲ. ಈ ವಾರವೇ ನಿಮ್ಮ ಯಂತ್ರವನ್ನು ತೆರೆದು, ಅಲ್ಲಿ ಯಾರ ಆಯ್ಕೆ ಕೂತಿದೆಯೆಂದು ನೋಡಿರಿ.